ಮೂಲದಿಂದ ಕಟ್ಟುತ್ತಿದ್ದ ಸರ್

ಅವರ ಗಡ್ಡ ಲ್ಯಾಪ್‌ಟಾಪಿನ ಕೀಲಿಗಳಿಗೆ ತಾಗುತ್ತಿತ್ತು. ಒಂದು ಮುಷ್ಟಿ ಉದ್ದದ, ಮದರಂಗಿ ಹಚ್ಚಿ ಕೇಸರಿಯಾದ ಗಡ್ಡ. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ಮೂಗು ಪರದೆಗೆ ಮುಟ್ಟುವಷ್ಟು ಬಾಗಿ ಅವರು ಓದುವಾಗ ಆ ಗಡ್ಡವೇ ಕೆಲವೊಮ್ಮೆ ನಾಲ್ಕು ಅಕ್ಷರ ಟೈಪು ಮಾಡಿಬಿಡುತ್ತಿತ್ತು. "ಸರ್, ಕನ್ನಡಕ ಇರುವುದು ಕಣ್ಣಿಗೆ" ಎಂದು ನಾನು ಹೇಳಿದರೆ, "ಹತ್ತಿರದ್ದು ನೋಡಲಿಕ್ಕೆ ಅದು ಬೇಡ ಮಾರಾಯ್ತಿ. ಬಾಗಿಲಲ್ಲಿ ಯಾರಾದರೂ ಬಂದರೆ ಹೇಳು, ಇಳಿಸ್ತೇನೆ" ಎನ್ನುತ್ತಿದ್ದರು.

ಉಡುಪಿಯ ಸಿಟಿ ಬಸ್ ನಿಲ್ದಾಣದ ಹಿಂದಿನ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ನಮ್ಮ ಕಚೇರಿ. ಊರಿನ ಹೋಟೆಲುಗಳ ಬಿಲ್ಲಿಂಗು, ಬಸ್ಸಿನವರ ಸೀಟು ಬುಕ್ಕಿಂಗು, ಎರಡು ಮೂರು ಶಾಲೆಗಳ ಹಾಜರಿ ಇವುಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಮಣಿಪಾಲದಲ್ಲಿ ಓದು ಮುಗಿಸಿ, ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ನಾನು ಅಲ್ಲಿ ಸೇರಿದಾಗ ಸರ್ವರ್‌ಗಳ ಪೂರ್ತಿ ಜವಾಬ್ದಾರಿ ಈ ಸರ್ ಒಬ್ಬರದ್ದೇ ಆಗಿತ್ತು. ಕಾಪುವಿನವರು, ಕರಾವಳಿಯ ಬ್ಯಾರಿ ಮುಸ್ಲಿಂ ಮನೆತನದವರು. ಗಲ್ಫಿನಲ್ಲಿ ಇದೇ ಕೆಲಸ ಮಾಡಿ, ಸಾಕಾಯಿತೆಂದು ಊರಿಗೆ ಬಂದು, ಊರಿನಲ್ಲಿ ಇನ್ನೂ ಹೆಚ್ಚು ಕೆಲಸ ಹಚ್ಚಿಕೊಂಡವರು.

ಹೆಚ್ಚು ಕೆಲಸ ಅಂದೆ. ಅದು ಯಾರೂ ಕೊಟ್ಟದ್ದಲ್ಲ, ಅವರೇ ಹೊತ್ತುಕೊಂಡದ್ದು. ಸರ್ವರಿಗೆ ಒಂದು ತಂತ್ರಾಂಶ ಹಾಕಲು ಎರಡು ದಾರಿಗಳಿವೆ. ಬೇರೆ ಯಾರೋ ಕಟ್ಟಿ ಸಿದ್ಧಪಡಿಸಿ ಇಟ್ಟ ಪ್ಯಾಕೇಜನ್ನು ಇಳಿಸಿಕೊಳ್ಳುವುದು ಒಂದು. ಒಂದು ಸಾಲಿನ ಆಜ್ಞೆ ಕೊಟ್ಟರೆ ಮುಗಿಯಿತು. ಮುಂದೆ ಏನಾದರೂ ದೋಷ ಕಂಡುಬಂದರೆ ಅವರೇ ತಿದ್ದಿ ಹೊಸದನ್ನು ಕಳುಹಿಸುತ್ತಾರೆ. ಇನ್ನೊಂದು ದಾರಿ, ಅದರ ಮೂಲ ಕೋಡನ್ನೇ ತಂದು ನಮ್ಮ ಯಂತ್ರದಲ್ಲಿ ಕಂಪೈಲ್ ಮಾಡಿ ಕಟ್ಟಿಕೊಳ್ಳುವುದು. ಯಾವ ಭಾಗ ಬೇಕು, ಯಾವುದು ಬೇಡ ಎಂದು ಉದ್ದಕ್ಕೆ ಹೇಳಬೇಕು, ಕಾಯಬೇಕು, ನಡುವೆ ಮುರಿದು ಬಿದ್ದರೆ ಮತ್ತೆ ಮೊದಲಿನಿಂದ. ದೋಷ ಕಂಡುಬಂದರೆ ಮತ್ತೆ ನಾವೇ ಕಟ್ಟಬೇಕು. ಲೋಕದ ಹೆಚ್ಚಿನವರು ಮೊದಲಿನ ದಾರಿ ಹಿಡಿಯುತ್ತಾರೆ. ನಮ್ಮ ಸರ್ ಎಲ್ಲವನ್ನೂ ಮೂಲದಿಂದ ಕಟ್ಟುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇವರಿಗೆ ಮೊಸರಿಗಿಂತ ಕೆಸರೇ ಹೆಚ್ಚು ರುಚಿ.

ಕಂಪೈಲಿಗೆ ಹಚ್ಚಿದ ಕೂಡಲೇ ಅವರು ಎದುರಿನ ಅಂಗಡಿಗೆ ಸುಲೈಮಾನಿ ಕುಡಿಯಲು ಇಳಿಯುತ್ತಿದ್ದರು. ನಿಂಬೆ ಹಿಂಡಿದ ಆ ಕಪ್ಪು ಚಹಾ ಅವರ ಕಾಲಮಾಪನವೂ ಆಗಿತ್ತು. ವೆಬ್ ಸರ್ವರ್ ಒಂದು ಚಹಾದ ಕೆಲಸ, ಡೇಟಾಬೇಸ್ ಎರಡು ಚಹಾದ ಕೆಲಸ. ತಿರುಗಿ ಬಂದವರು ಪರದೆ ನೋಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಫ್ಯಾನಿನ ಸದ್ದು ಕೇಳುತ್ತಿದ್ದರು. "ಇನ್ನೂ ಉಸಿರು ಕಟ್ಟಿ ಓಡ್ತಾ ಉಂಟು" ಎಂದು ಮತ್ತೆ ಇಳಿದು ಹೋಗುತ್ತಿದ್ದುದೂ ಉಂಟು. ಕಟ್ಟುವಾಗ ಕೊಡಬೇಕಾದ ಆಯ್ಕೆಗಳೆಲ್ಲ ಅವರಿಗೆ ಬಾಯಿಪಾಠ. ಕಣ್ಣು ಮುಚ್ಚಿ, ಒಂದೇ ಲಯದಲ್ಲಿ, ಉಸಿರು ತೆಗೆಯದೆ ಹೇಳುತ್ತಿದ್ದರು. ಎಲ್ಲಿಯೂ ಬರೆದಿಟ್ಟಿರಲಿಲ್ಲ. "ಬರೆದರೆ ಮರೆತುಹೋಗ್ತದೆ" ಎನ್ನುವುದು ಅವರ ವಾದ.

ನಾನು ಸೇರಿದ ಹೊಸದರಲ್ಲಿ ಒಂದು ಶುಕ್ರವಾರ ಅವರು ಜುಮಾ ನಮಾಜಿಗೆ ಹೋಗಿದ್ದರು. ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನ ಕೆಲವು ವ್ಯಾಪಾರಿಗಳು ತಮ್ಮ ದಿನದ ಧಾರಣೆಯನ್ನು ಅಂತರ್ಜಾಲದಲ್ಲಿ ಹಾಕಬೇಕೆಂದು ಕೇಳಿದ್ದರು. ನಮ್ಮ ಕಚೇರಿಯ ಮಾಲೀಕರು ಅವಸರ ಮಾಡಿದರು. ನಾನು ಖಾಲಿ ಇದ್ದಂತೆ ಕಂಡ ಒಂದು ಯಂತ್ರಕ್ಕೆ ವೆಬ್ ಸರ್ವರಿನ ಪ್ಯಾಕೇಜು ಹಾಕಿ, ಪುಟ ಏರಿಸಿ, ಸರ್ ಬರುವಷ್ಟರಲ್ಲಿ ಮುಗಿಸಿ ಕೂತೆ. ಅವರು ಬಂದು ಗಡ್ಡ ತಾಗಿಸಿ ನೋಡಿದರು.

"ಇದನ್ನು ಯಾರು ಕಟ್ಟಿದ್ದು?"

"ಗೊತ್ತಿಲ್ಲ ಸರ್. ಪ್ಯಾಕೇಜು."

"ಯಾರು ಬೇಯಿಸಿದ್ದು ಅಂತ ಗೊತ್ತಿಲ್ಲದ ಊಟ ನೀನು ಮಾಡ್ತೀಯಾ?"

"ದಿನಾ ಮಧ್ಯಾಹ್ನ ಹೋಟೆಲಿನಲ್ಲಿ ಅದೇ ಅಲ್ವಾ ಸರ್ ಮಾಡುವುದು."

ಅವರು ಕನ್ನಡಕ ಇಳಿಸಿ ನನ್ನನ್ನು ಒಮ್ಮೆ ಸರಿಯಾಗಿ ನೋಡಿದರು. ಅಂದಿನಿಂದ ನಾನು ಅವರಿಗೆ ಬೇಕಾದವಳಾದೆ ಎಂದು ನನ್ನ ಅಂದಾಜು.

ಸೋಮವಾರ ಬೆಳಿಗ್ಗೆ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು, ಯಂತ್ರ ಮಲಗಿ ಎದ್ದಿತು. ನನಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಯಂತ್ರದ ಒಂದು ಮೂಲೆಯಲ್ಲಿ ಸರ್ ಹಿಂದೆಂದೋ ಮೂಲದಿಂದ ಕಟ್ಟಿ ನಿಲ್ಲಿಸಿಟ್ಟ ಇನ್ನೊಂದು ವೆಬ್ ಸರ್ವರ್ ಇತ್ತು. ಮೂಲದಿಂದ ಕಟ್ಟಿದ್ದು ಪ್ಯಾಕೇಜುಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಯಂತ್ರ ಎದ್ದ ಕೂಡಲೇ ಅದೂ ಎದ್ದು, ನನ್ನದಕ್ಕಿಂತ ಮೊದಲು ಬಾಗಿಲು ಹಿಡಿದು ನಿಂತಿತು. ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರು ಆದ ಹಾಗೆ ಆಯಿತು. ಧಾರಣೆ ಇರಬೇಕಾದ ಜಾಗದಲ್ಲಿ ಸರ್ ಎಂದೋ ಪರೀಕ್ಷೆಗೆಂದು ಹಾಕಿದ್ದ ಒಂದೇ ಸಾಲು ಕಾಣಿಸತೊಡಗಿತು: "ಇದು ಕೆಲಸ ಮಾಡುತ್ತಿದೆ."

ಮೊದಲ ಫೋನು ಬಾಳೆಕಾಯಿ ವ್ಯಾಪಾರಿಯದ್ದು. "ಕೆಲಸ ಮಾಡ್ತಾ ಉಂಟು ಅಂತ ಗೊತ್ತಾಯ್ತು. ಸಂತೋಷ. ಈಗ ನೇಂದ್ರಕ್ಕೆ ರೇಟು ಎಷ್ಟು ಅಂತ ಹಾಕ್ತೀರಾ?" ಸರ್ ಫೋನನ್ನು ಎದೆಗೆ ಒತ್ತಿಕೊಂಡು ನಗು ತಡೆಯಲು ಹೆಣಗಿದರು. ತಪ್ಪು ಅಲ್ಲಿರುವುದನ್ನು ನೋಡದವಳದ್ದೋ, ಅಲ್ಲಿಟ್ಟದ್ದನ್ನು ಹೇಳದವರದ್ದೋ ಎಂದು ನಾವು ಆಮೇಲೆ ಎಷ್ಟೋ ಚಹಾಗಳವರೆಗೆ ಚರ್ಚಿಸಿದೆವು. ತೀರ್ಮಾನ ಆಗಲಿಲ್ಲ.

ಅವರ ಹಟಕ್ಕೆ ಅರ್ಥವಿರಲಿಲ್ಲ ಎಂದು ತಿಳಿಯಬಾರದು. ಮಟ್ಟು ಎಂಬ ಊರಿನಲ್ಲಿ ಗುಳ್ಳ ಬದನೆ ಬೆಳೆಯುವ ಕೆಲವರು ಸೇರಿ ಹೊರಊರಿನ ಆರ್ಡರುಗಳನ್ನು ನೋಡಿಕೊಳ್ಳಲು ಒಂದು ಕಂಪ್ಯೂಟರು ಇಟ್ಟುಕೊಂಡಿದ್ದರು. ಯಾರೋ ಕೊಟ್ಟ ಮುದಿ ಯಂತ್ರ. ಹಬ್ಬದ ಮುಂಚೆ ಅದರ ಡೇಟಾಬೇಸು ಕೆಟ್ಟಿತು. ನಾನು ಹೋಗಿ ಹೊಸ ಪ್ಯಾಕೇಜು ಹಾಕಿದೆ, ಏಳಲಿಲ್ಲ. ಮತ್ತೊಂದು ಹಾಕಿದೆ, ಅದೂ ಏಳಲಿಲ್ಲ. ಈಗಿನ ಪ್ಯಾಕೇಜುಗಳನ್ನು ಕಟ್ಟುವವರು ಹೊಸ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿರುತ್ತಾರೆ, ಆ ಅಜ್ಜನ ಕಾಲದ ಪ್ರೊಸೆಸರಿಗೆ ಅವರ ಭಾಷೆಯೇ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಸರ್ ಸ್ಕೂಟರಿನಲ್ಲಿ ಬಂದರು. ಆ ಮನೆಯ ಜಗಲಿಯಲ್ಲಿ ಚಾಪೆ ಹಾಕಿ ಕೂತು, ಕಣ್ಣು ಮುಚ್ಚಿ ಆಯ್ಕೆಗಳನ್ನು ಹೇಳಿಕೊಳ್ಳುತ್ತ ಮೂಲದಿಂದ ಕಟ್ಟಲು ತೊಡಗಿದರು. ಯಂತ್ರ ಮುದಿಯಾದ್ದರಿಂದ ಎರಡು ಚಹಾದ ಕೆಲಸ ಒಂದು ಊಟದ ಕೆಲಸವಾಯಿತು. ಗುಳ್ಳದ ಹುಳಿಯಲ್ಲಿ ಅನ್ನ ಉಂಡು ಕೈ ತೊಳೆದು ಬರುವಾಗ ಡೇಟಾಬೇಸು ಎದ್ದಿತ್ತು. ಹಬ್ಬದ ಆರ್ಡರುಗಳೆಲ್ಲ ಉಳಿದವು.

"ನೋಡಿದೆಯಾ?" ಎಂದರು ಸ್ಕೂಟರು ಹತ್ತುವಾಗ. "ನಮ್ಮ ಕಾಲಿನ ಅಳತೆ ಅಂಗಡಿಯವನಿಗೆ ಎಂತ ಗೊತ್ತು?"

ನಾನು ಒಪ್ಪಿದೆ. ಆದರೆ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತಿತ್ತು. ಅಳತೆ ತಿಳಿದವರು ಇವರೊಬ್ಬರೇ. ಯಾವುದಾದರೂ ತಂತ್ರಾಂಶದಲ್ಲಿ ದೋಷ ಕಂಡುಬಂದ ಸುದ್ದಿ ಬಂತೆಂದರೆ ಬೇರೆ ಕಚೇರಿಗಳಲ್ಲಿ ಒಂದು ಆಜ್ಞೆ ಕೊಟ್ಟು ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿ ಸರ್ ಒಂದೊಂದೇ ಯಂತ್ರದ ಮುಂದೆ ಕೂತು ಕಟ್ಟಬೇಕು. ಅವರಿಗೆ ರಜೆ ಎನ್ನುವುದು ಇರಲಿಲ್ಲ. ತಮ್ಮನ ಮಗನ ನಿಕಾಹ್‌ನ ದಿನ, ಅತಿಥಿಗಳೆಲ್ಲ ಬಿರಿಯಾನಿಯ ಮುಂದೆ ಕೂತಿರುವಾಗ, ಇವರು ಮಾವಿನ ಮರದ ಕೆಳಗೆ ನಿಂತು ಫೋನಿನಲ್ಲಿ ನನಗೆ ಆಯ್ಕೆಗಳನ್ನು ಹೇಳುತ್ತಿದ್ದರು. ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸುತ್ತಿತ್ತು: "ಮಗಳೇ, ಇವರಿಗೆ ನಿಕಾಹ್ ಆದದ್ದು ನನ್ನ ಜೊತೆಯಾ, ಆ ಮೆಷಿನಿನ ಜೊತೆಯಾ, ಒಮ್ಮೆ ಕೇಳು."

ಸರ್ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ, ಆಗಲೇ ಪರಿಚಯವಿತ್ತು. ಈದ್‌ಗೆ ನಮ್ಮೆಲ್ಲರನ್ನೂ ಕಾಪುವಿನ ಮನೆಗೆ ಕರೆಯುತ್ತಿದ್ದರು. ದಪ್ಪ ದನಿ, ಅದಕ್ಕಿಂತ ದಪ್ಪ ನಗು. "ಆಫೀಸಿನಲ್ಲಿ ಎಲ್ಲ ಇವರೇ ಕಟ್ಟುವುದಂತೆ ಅಲ್ವಾ? ಮನೆಗೆ ತೆಂಗಿನಕಾಯಿ ತುರಿದು ಕೊಡಿ ಅಂದರೆ ಅಂಗಡಿಯಿಂದ ಪ್ಯಾಕೆಟು ತರ್ತಾರೆ" ಎಂದು ಎಲ್ಲರೆದುರು ಹೇಳುವರು. ಸರ್ ಅದನ್ನು ಅಲ್ಲಗಳೆಯದೆ ಅಕ್ಕಿಯ ಪತ್ತಿರಿ ರೊಟ್ಟಿ ಮುರಿಯುತ್ತ ಕೂರುವರು. ಆಂಟಿಗೆ ಬಹಳ ಕಾಲದಿಂದ ಒಂದೇ ಆಸೆ, ಗಂಡನ ಜೊತೆ ಹಜ್‌ಗೆ ಹೋಗಬೇಕು. ಸರ್ ಪ್ರತಿವರ್ಷ ಮುಂದಿನ ವರ್ಷ ಎನ್ನುತ್ತಿದ್ದರು. ಒಂದು ತಿಂಗಳಿಗೂ ಹೆಚ್ಚು ದಿನ ಸರ್ವರ್‌ಗಳನ್ನು ಬಿಟ್ಟು ಹೋಗುವುದು ಹೇಗೆ? ಅಷ್ಟರಲ್ಲಿ ಆಂಟಿಯ ಮಂಡಿ ಸವೆಯುತ್ತ ಬಂತು. ಮೆಟ್ಟಿಲು ಹತ್ತಲು ಕೈಯಾಸರೆ ಬೇಕಾಯಿತು.

ಆ ವರ್ಷ ಆಂಟಿ ಮಗನ ಕೈಯಲ್ಲಿ ತಾವೇ ಅರ್ಜಿ ಹಾಕಿಸಿದರು. ಹಜ್ ಸಮಿತಿ ಎತ್ತಿದ ಚೀಟಿಯಲ್ಲಿ ಇಬ್ಬರ ಹೆಸರೂ ಬಂತು. ಆಮೇಲೆ ನೇರ ಕಚೇರಿಗೆ ಬಂದು, ಮಹಡಿ ಹತ್ತಿದ ದಣಿವಿಗೆ ನನ್ನ ಕುರ್ಚಿಯಲ್ಲಿ ಕೂತು, ಗಂಡನಿಗೆ ಹೇಳಿದರು: "ನಿಮ್ಮ ಮೆಷಿನು ಬಿದ್ದರೆ ಬೀಳಲಿ. ಅದನ್ನು ಎಬ್ಬಿಸಬಹುದು. ನನ್ನ ಮಂಡಿ ಮುಂದಿನ ವರ್ಷಕ್ಕೆ ಕಾಯುವುದಿಲ್ಲ."

ಸರ್ ಆಯಿತೆಂದು ತಲೆಯಾಡಿಸಿದರು. ಮರುದಿನದಿಂದ ನನಗೆ ಬಾಯಿಪಾಠ ಶುರುವಾಯಿತು. ಅವರು ಕೋಣೆಯ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತ ಹೇಳುವುದು, ನಾನು ಹಿಂದಿನಿಂದ ಹೇಳುವುದು. ನಾನು ಮಗ್ಗಿಯನ್ನೇ ಸರಿಯಾಗಿ ಕಲಿಯದವಳು. ಮೂರನೆಯ ದಿನ ಕೈಮುಗಿದೆ.

"ನನ್ನಿಂದ ಆಗುವುದಿಲ್ಲ ಸರ್. ನೀವು ಮೂಲದಿಂದಲೇ ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ಕಟ್ಟಿದ್ದನ್ನು ನಾವೇ ಪ್ಯಾಕೇಜು ಮಾಡಿ ಇಡುವಾ. ಕಟ್ಟುವ ವಿಧಾನ ಎಲ್ಲ ಅದರ ಒಳಗೇ ಇರ್ತದೆ. ಹೊಸದು ಬಂದರೆ ಯಾರು ಬೇಕಾದರೂ ಒಂದು ಆಜ್ಞೆ ಕೊಟ್ಟು ಪುನಃ ಕಟ್ಟಬಹುದು."

"ನಾನು ಪ್ಯಾಕೇಜು ಮಾಡುವುದಾ?" ಎಂದರು. ಸಸ್ಯಾಹಾರಿ ಹೋಟೆಲಿನಲ್ಲಿ ಮೀನು ಕೇಳಿದವಳನ್ನು ನೋಡುವಂತೆ ನನ್ನನ್ನು ನೋಡಿದರು. ಆಮೇಲೆ ಆ ವಾರ ಪೂರ್ತಿ ಕೆಲಸಕ್ಕೆ ಬೇಕಾದಷ್ಟೇ ಮಾತು. ನನಗೆ ಬೇಸರವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಈ ಮನುಷ್ಯ ಕೊನೆಯ ಗಳಿಗೆಯಲ್ಲಿ ಹೋಗುವುದಿಲ್ಲ ಎಂದರೆ ಆಂಟಿಯ ಗತಿ ಏನೆಂದು.

ಭಾನುವಾರ ಅವರು ಹಜ್ ಯಾತ್ರಿಗಳಿಗೆ ಮಸೀದಿಯಲ್ಲಿ ನಡೆಯುವ ತರಗತಿಗೆ ಹೋಗಿದ್ದರು. ಸೋಮವಾರ ಬಂದವರು ಚೀಲವನ್ನೂ ಇಳಿಸದೆ ನನ್ನ ಮೇಜಿನ ಮುಂದೆ ನಿಂತರು.

"ತರಗತಿಯ ಉಸ್ತಾದರು ಹೇಳಿದರು. ಹಜ್‌ಗೆ ಹೊರಡುವ ಮೊದಲು ಬೇರೆಯವರದ್ದು ನಮ್ಮ ಹತ್ತಿರ ಎಂತ ಉಂಟೋ ಅದನ್ನು ಕೊಟ್ಟು ಹೋಗಬೇಕು. ಇಟ್ಟುಕೊಂಡು ಹೋಗಬಾರದು. ನಾನು ಮನೆಯಲ್ಲಿ ಹುಡುಕಿದೆ. ಎಂತದ್ದೂ ಇರಲಿಲ್ಲ." ಬೆರಳಿನಿಂದ ತಮ್ಮ ತಲೆಯನ್ನು ತಟ್ಟಿಕೊಂಡರು. "ಆಮೇಲೆ ಗೊತ್ತಾಯ್ತು, ಇರುವುದು ಇಲ್ಲಿ. ಇದು ನನ್ನದು ಅಂತ ತಿಳಿದಿದ್ದೆ. ನನ್ನದಲ್ಲ ಅಲ್ವಾ? ಹೋಟೆಲಿನವರದ್ದು, ಬಸ್ಸಿನವರದ್ದು. ಕೂತುಕೋ, ನಿನ್ನ ಪ್ಯಾಕೇಜು ಹೇಗೆ ಮಾಡುವುದು ತೋರಿಸು."

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಪ್ಯಾಕೇಜನ್ನು ಕಂಡರೆ ಮೂಗು ಮುರಿಯುತ್ತಿದ್ದ ಮನುಷ್ಯ ನನಗಿಂತ ದೊಡ್ಡ ಪ್ಯಾಕೇಜುಭಕ್ತರಾದರು. ಯಾವ ಆಯ್ಕೆ ಏಕೆ ಎಂದು ಪ್ರತಿಯೊಂದರ ಪಕ್ಕದಲ್ಲಿ ಕನ್ನಡದಲ್ಲೇ ಟಿಪ್ಪಣಿ ಹಾಕಿದರು. "ಇದನ್ನು ತೆಗೆಯಬೇಡಿ, ತೆಗೆದರೆ ಬಸ್ಸಿನವರು ಬೈಯುತ್ತಾರೆ" ಎಂಬುದು ಅವುಗಳಲ್ಲಿ ಒಂದು. ನಾನು ಮಾಡಿದ್ದರಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ತಿರುಗಿ ಕಳುಹಿಸುತ್ತಿದ್ದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡದ್ದು ಎಂದರೆ ಇದೇ ಎಂದು ನಾನು ಮಾಲೀಕರ ಬಳಿ ಗೊಣಗಿದೆ.

ಕೊನೆಗೆ ಪರೀಕ್ಷೆ. ಒಂದು ಯಂತ್ರವನ್ನು ಪೂರ್ತಿ ಅಳಿಸಿ, ನಮ್ಮ ಪ್ಯಾಕೇಜುಗಳಿಂದಲೇ ಎಲ್ಲವನ್ನೂ ನಾನೊಬ್ಬಳೇ ಎಬ್ಬಿಸಬೇಕು. "ನಾನು ಇಲ್ಲ ಅಂತ ತಿಳಿದುಕೋ" ಎಂದು ಸರ್ ಪಕ್ಕದಲ್ಲೇ ಕೂತರು. ಹಾಗೆ ತಿಳಿದುಕೊಳ್ಳಲು ಅವರು ಬಿಟ್ಟರೆ ತಾನೆ? ಕೆಮ್ಮುವುದು, ಗಂಟಲು ಸರಿಪಡಿಸುವುದು, ಬೆರಳು ಮುಂದೆ ತರುವುದು. ನಾನು ಅವರನ್ನು ಎಬ್ಬಿಸಿ ಚಹಾದಂಗಡಿಗೆ ಕಳುಹಿಸಿದೆ. ಮೊದಲ ಸಲ ಬಿತ್ತು. ಅವರ ಯಂತ್ರದಲ್ಲಿ ಮಾತ್ರ ಇದ್ದ ಒಂದು ಸಣ್ಣ ಭಾಗವನ್ನು ಪ್ಯಾಕೇಜಿನಲ್ಲಿ ಹೇಳಲು ಇಬ್ಬರೂ ಮರೆತಿದ್ದೆವು. ಅದನ್ನು ಸೇರಿಸಿ ಮತ್ತೆ ಅಳಿಸಿ ಮತ್ತೆ ಹಾಕಿದಾಗ ಎಲ್ಲ ಎದ್ದು ನಿಂತವು. ಕಿಟಕಿಯಿಂದ ಕೈಸನ್ನೆ ಮಾಡಿದೆ. ಅವರು ಬಂದು, ಗಡ್ಡ ತಾಗಿಸಿ, ಎಲ್ಲವನ್ನೂ ಒಂದೊಂದಾಗಿ ನೋಡಿದರು. "ಚಹಾ ಕುಡಿದೂ ಆಗಲಿಲ್ಲ, ಇಷ್ಟು ಬೇಗವಾ?" ಎಂದರು. ಮುಖದಲ್ಲಿ ಸಂತೋಷವಿತ್ತು, ಮದುವೆ ಮಾಡಿಕೊಟ್ಟ ಮಗಳನ್ನು ಕಳುಹಿಸುವಾಗಿನ ಸಂಕಟವೂ ಇತ್ತು.

ಹೊರಡುವ ಮೊದಲು ಪರಿಚಯದ ಎಲ್ಲರ ಬಳಿಯೂ ಹೋಗಿ ಕ್ಷಮೆ ಕೇಳುವುದು ಅವರಲ್ಲಿನ ಪದ್ಧತಿ. ನಾನು ಕಚೇರಿಯಲ್ಲೇ ಎರಡು ಮಾತು ಆಡಿ ಮುಗಿಸುತ್ತಾರೆಂದುಕೊಂಡಿದ್ದೆ. ಇಬ್ಬರೂ ಕಾರ್ಕಳಕ್ಕೆ, ನಮ್ಮ ಮನೆಗೇ ಬಂದರು. ನನ್ನ ಅಮ್ಮ ಗಡಿಬಿಡಿಯಲ್ಲಿ ನೀರ್‌ದೋಸೆ ಹುಯ್ದರು. ತಿಂದಾದ ಮೇಲೆ ಸರ್ ಎದ್ದು ನಿಂತು, ಕೈಕಟ್ಟಿ, ನನ್ನ ಅಮ್ಮನೆದುರೇ ಹೇಳಿದರು: "ನನ್ನಿಂದ ನಿನಗೆ ಎಂತಾದರೂ ನೋವಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಪ್ಯಾಕೇಜಿನ ವಿಷಯದಲ್ಲಿ ನಿನಗೆ ಬೈದಿದ್ದೇನೆ."

"ಬೈದಿಲ್ಲ ಸರ್. ಮಾತು ಬಿಟ್ಟಿದ್ದಿರಿ."

"ಅದಕ್ಕೂ ಸೇರಿಸಿ."

ನಗಬೇಕೆಂದಿದ್ದೆ. ಆಗಲಿಲ್ಲ. ವಯಸ್ಸಿನಲ್ಲಿ ತಂದೆಯಷ್ಟು ಹಿರಿಯರೊಬ್ಬರು ಎದುರು ನಿಂತು ಕ್ಷಮೆ ಕೇಳಿದಾಗ ಏನು ಹೇಳಬೇಕೆಂದು ನಮಗೆ ಯಾರೂ ಕಲಿಸಿರುವುದಿಲ್ಲ. "ಹೋಗಿ ಬನ್ನಿ" ಎಂದಷ್ಟೇ ಹೇಳಿದೆ.

ಅವರು ಹೋದ ಮೇಲೆ, ಆಗಬಾರದೆಂದುಕೊಂಡದ್ದೇ ಆಯಿತು. ನಮ್ಮ ವೆಬ್ ಸರ್ವರಿನಲ್ಲಿ ದೊಡ್ಡ ದೋಷವೊಂದಿದೆ, ಕೂಡಲೇ ಹೊಸದನ್ನು ಹಾಕಿ ಎಂಬ ಸುದ್ದಿ ಬಂತು. ಮಾಲೀಕರು ಬಂದು ನನ್ನ ಹಿಂದೆ ನಿಂತರು. ನಾನು ಹೊಸ ಮೂಲ ಕೋಡನ್ನು ತಂದು, ಸರ್ ಬರೆದಿಟ್ಟ ವಿಧಾನದಂತೆ ಕಟ್ಟಲು ಆಜ್ಞೆ ಕೊಟ್ಟು, ಸುಲೈಮಾನಿ ಕುಡಿದು ಬಂದೆ. ಪ್ಯಾಕೇಜು ತಯಾರಾಗಿತ್ತು. ಎಲ್ಲ ಯಂತ್ರಗಳಿಗೂ ಹೋಯಿತು. ಬಸ್ಸಿನವರು ಬೈಯಲಿಲ್ಲ. ಸರ್‌ಗೆ ಫೋನು ಮಾಡುವ ಆಸೆಯೇನೋ ಆಯಿತು, ಆದರೆ ಮಾಡಲಿಲ್ಲ.

ಅವರು ಹಜ್ ಮುಗಿಸಿ, ಖರ್ಜೂರ, ಮಕ್ಕಾದ ಝಮ್‌ಝಮ್ ನೀರು ಹಿಡಿದು ಕಚೇರಿಗೆ ಬಂದಾಗ ತಲೆ ಬೋಳಿಸಿದ್ದರಿಂದ ಗಡ್ಡ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. "ನೀನು ಒಂದು ಫೋನು ಕೂಡ ಮಾಡಲಿಲ್ಲ" ಎಂದರು.

"ಬೇಕಾಗಲಿಲ್ಲ ಸರ್."

"ಬೇಕಾಗಲಿಲ್ಲ" ಎಂದು ಅವರು ಮೆಲ್ಲಗೆ ತಿರುಗಿ ಹೇಳಿಕೊಂಡರು. ಆಂಟಿ ಹಿಂದಿನಿಂದ ಮಹಡಿ ಹತ್ತಿ ಬಂದರು, ಕೋಲು ಹಿಡಿದು. "ಅಲ್ಲಿ ಕೂಡ ದಿನಾ ಫೋನು ತೆಗೆದು ನೋಡ್ತಿದ್ದರು ಮಗಳೇ. ಬರಲಿಲ್ಲ ಅಂತ ಮೊದಲು ಬೇಜಾರು. ಆಮೇಲೆ ನೋಡುವುದೇ ಬಿಟ್ಟರು. ನನ್ನ ಕೈ ಹಿಡಿದುಕೊಂಡೇ ಎಲ್ಲ ಕಡೆ ನಡೆಸಿದರು." ಇಷ್ಟು ಹೇಳುವಾಗ ಅವರ ದಪ್ಪ ದನಿ ಸಣ್ಣಗಾಯಿತು.

ಅದರ ನಂತರ ಸರ್ ರಜೆ ಹಾಕುವುದನ್ನು ಕಲಿತರು. ಮೊಮ್ಮಕ್ಕಳನ್ನು ಕಾಪುವಿನ ಕಡಲಿಗೆ ಕರೆದುಕೊಂಡು ಹೋದೆ ಎಂದು ಸೋಮವಾರ ಬಂದು ಹೇಳುವರು. ಎರಡು ವರ್ಷ ಕಳೆದು ನಿವೃತ್ತರಾದರು. ಆಮೇಲೂ ಶುಕ್ರವಾರ ನಮಾಜು ಮುಗಿಸಿ ಬಂದು, ಹೊಸದಾಗಿ ಸೇರಿದವರಿಗೆ "ಇದನ್ನು ಯಾರು ಕಟ್ಟಿದ್ದು?" ಎಂದು ಕೇಳಿ ಹೆದರಿಸಿ ಹೋಗುತ್ತಿದ್ದರು.

ಕಳೆದ ಮಳೆಗಾಲ ಮುಗಿಯುತ್ತಿದ್ದಾಗ, ಒಂದು ಬುಧವಾರ ಸರ್ ಬೆಳಗಿನ ನಮಾಜಿಗೆ ಎದ್ದು ಮತ್ತೆ ಮಲಗಿದರಂತೆ, ಏಳಲಿಲ್ಲ. ಸುದ್ದಿ ಬರುವಾಗ ನಾವು ಆಗಷ್ಟೇ ಕಚೇರಿಗೆ ಬಂದಿದ್ದೆವು. ಮಾಲೀಕರು ಬಾಗಿಲಿಗೆ ಬೀಗ ಹಾಕಿ, ಎಲ್ಲರನ್ನೂ ಕಾರಿಗೆ ಹತ್ತಿಸಿ ಕಾಪುವಿಗೆ ಹೊರಟರು. ಗಂಡಸರು ಮಸೀದಿಯ ಕಡೆಗೆ ಹೋದರು. ನಾನು ಮನೆಯೊಳಗೆ ಆಂಟಿಯ ಪಕ್ಕದಲ್ಲಿ ಕೂತೆ. ಅವರು ನನ್ನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಏನೋ ನೆನಪಾದವರಂತೆ ಕೇಳಿದರು.

"ನೀವೆಲ್ಲ ಬಂದಿದ್ದೀರಿ. ಅಲ್ಲಿ ಮೆಷಿನು ಯಾರು ನೋಡ್ತಾರೆ?"

"ಯಾರೂ ಇಲ್ಲ ಆಂಟಿ. ಅದರಷ್ಟಕ್ಕೆ ನಡೀತದೆ. ಸರ್ ಹಾಗೆ ಮಾಡಿಟ್ಟಿದ್ದಾರೆ."

"ಹಾಗಾದರೆ ಸ್ವಲ್ಪ ಹೊತ್ತು ಕೂತುಕೋ."

ಸಂಜೆಯವರೆಗೂ ಕೂತಿದ್ದೆ. ನನ್ನ ಫೋನು ಒಮ್ಮೆಯೂ ರಿಂಗಾಗಲಿಲ್ಲ.